ಮಾತನ್ನು ನಡೆಸಿ ನೋಡುವುದು

ಹುಡುಗ ಎಡವಿದ.

ಎರಡೇ ಪದ. ಆದರೂ ನಿಮಗೆ ಎಷ್ಟೆಲ್ಲ ತಿಳಿದುಹೋಯಿತು ಎಂದು ಒಂದು ಕ್ಷಣ ಲೆಕ್ಕ ಹಾಕಿ ನೋಡಿ. ಅವನು ನಡೆಯುತ್ತಿದ್ದ, ಇಲ್ಲವೆ ಓಡುತ್ತಿದ್ದ, ಕೂತವರು ಎಡವುವುದಿಲ್ಲ. ದಾರಿಯಲ್ಲಿ ಕಲ್ಲೋ ಬೇರೋ ಹೊಸಿಲೋ ಏನೋ ಒಂದಿತ್ತು, ಅದನ್ನವನು ಗಮನಿಸಿರಲಿಲ್ಲ. ಕಾಲು ಅಲ್ಲೇ ತಡೆಯಿತು, ಮೈ ಮಾತ್ರ ಮುಂದಕ್ಕೆ ಹೋಯಿತು. ಬಿದ್ದನೋ, ಸಾವರಿಸಿಕೊಂಡನೋ ಗೊತ್ತಿಲ್ಲ. ಆದ್ದರಿಂದಲೇ ಮುಂದಿನ ವಾಕ್ಯಕ್ಕೆ ಕಿವಿ ಕಾಯುತ್ತದೆ. ಇದರಲ್ಲಿ ಒಂದು ಸಂಗತಿಯನ್ನೂ ನಾನು ಬಾಯಿಬಿಟ್ಟು ಹೇಳಿಲ್ಲ. ರೇಡಿಯೋದಲ್ಲಿ ತೋರಿಸಲು ಚಿತ್ರವೂ ಇಲ್ಲ. ನಿಮ್ಮ ಮನಸ್ಸು ಆ ಎರಡು ಪದ ಹಿಡಿದು ಒಂದು ನಡಿಗೆಯನ್ನು ತಾನೇ ನಡೆಸಿ, ತಾನೇ ತಡವರಿಸಿ ನೋಡಿತು.

ಕಂಪ್ಯೂಟರ್ ಇದೇ ಕೆಲಸವನ್ನು ಮಾಡಬಲ್ಲದೇ? ಚಲನೆಯನ್ನು ಹೇಳುವ ಮಾತನ್ನು ಕೊಟ್ಟರೆ, ಆ ಚಲನೆಯನ್ನು ತನ್ನೊಳಗೆ ನಡೆಸಿ ನೋಡಬಲ್ಲದೇ? ಹೀಗೆ ಒಂದು ಘಟನೆಯನ್ನು ಯಂತ್ರದೊಳಗೆ ಹೆಜ್ಜೆ ಹೆಜ್ಜೆಯಾಗಿ ನಡೆಸುವುದಕ್ಕೆ ಸಿಮ್ಯುಲೇಷನ್ ಎನ್ನುತ್ತಾರೆ. ಮಾತಿನಿಂದ ಸಿಮ್ಯುಲೇಷನ್ ಹುಟ್ಟಿಸುವ ಪ್ರಯತ್ನಕ್ಕೆ ಅರ್ಧ ಶತಮಾನಕ್ಕೂ ಮೀರಿದ ಚರಿತ್ರೆಯಿದೆ. ಅದರಲ್ಲಿ ನನಗೆ ಮುಖ್ಯವೆನಿಸಿದ ಕೆಲವು ಪ್ರಯತ್ನಗಳನ್ನೂ, ಅವುಗಳಿಂದ ಕನ್ನಡಕ್ಕೆ ಏನಾಗಬೇಕಿದೆ ಎಂಬುದನ್ನೂ ಇವತ್ತು ನಿಮ್ಮ ಮುಂದಿಡುತ್ತೇನೆ.

ಫ್ರಾನ್ಸ್ ದೇಶದಲ್ಲಿ ಎರಡು ಕಾರುಗಳು ಡಿಕ್ಕಿಯಾದರೆ ಚಾಲಕರು ಒಂದು ನಮೂನೆ ತುಂಬಿ ವಿಮಾ ಕಂಪನಿಗೆ ಕಳಿಸುತ್ತಾರೆ. ಅದರಲ್ಲಿ ನಡೆದದ್ದನ್ನು ತಮ್ಮ ಮಾತಿನಲ್ಲೇ ನಾಲ್ಕು ಸಾಲು ಬರೆಯಲು ಜಾಗವಿರುತ್ತದೆ. ಪಿಯೇರ್ ನ್ಯೂಗ್ ಎಂಬ ಸಂಶೋಧಕರೂ ಅವರ ಸಂಗಾತಿಗಳೂ ಮಾಯಿಫ್ ಎಂಬ ವಿಮಾ ಸಂಸ್ಥೆಯಿಂದ ಇಂಥ 87 ವರದಿಗಳನ್ನು ಪಡೆದರು. ಆ ಬರಹವನ್ನು ಓದಿ, ಅಪಘಾತವನ್ನು ಮೂರು ಆಯಾಮದ ಚಲಿಸುವ ಚಿತ್ರವಾಗಿ ತೆರೆಯ ಮೇಲೆ ತೋರಿಸುವ ಕಾರ್‌ಸಿಮ್ ಎಂಬ ವ್ಯವಸ್ಥೆಯನ್ನು ಕಟ್ಟಿದರು. ಅದರ ಮೊದಲ ಪ್ರಬಂಧ ಬಂದದ್ದು 2001ರಲ್ಲಿ. ಮುಂದೆ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಇದೇ ಕೆಲಸವನ್ನು ಸ್ವೀಡಿಷ್ ಪತ್ರಿಕೆಗಳ ಅಪಘಾತದ ಸುದ್ದಿಗಳ ಮೇಲೆ ಮುಂದುವರಿಸಿದರು.

ಆ ವರದಿಗಳಲ್ಲಿ ಒಂದರ ಸಾರ ಹೀಗಿದೆ. ಚಾಲಕ ಹೇಳುತ್ತಾನೆ: ತಾನು ಸುಮಾರು 40 ಕಿಲೋಮೀಟರ್ ವೇಗದಲ್ಲಿ ನಾಲ್ಕುದಾರಿ ಕೂಡುವ ಜಾಗದೊಳಗಿದ್ದೆ, ಎಡಗಡೆಯಿಂದ ಬಂದ ವಾಹನ ತನಗೆ ದಾರಿ ಬಿಡದೆ ಗುದ್ದಿತು, ಮೊದಲ ಏಟು ಎಡಭಾಗದ ಹಿಂದಿನ ಮಡ್‌ಗಾರ್ಡಿಗೆ ಬಿತ್ತು, ಆ ಹೊಡೆತಕ್ಕೂ ರಸ್ತೆಯ ಜಾರಿಕೆಗೂ ತನ್ನ ಕಾರು ಹತೋಟಿ ತಪ್ಪಿ ಜಾರಿ, ಒಂದು ಮರದ ಸುತ್ತಲಿನ ಲೋಹದ ಕಟಕಟೆಗೆ ಮುಂಭಾಗದಿಂದ ಹೋಗಿ ಬಡಿಯಿತು.

ಇದನ್ನು ಓದಿದ ನಮಗೆ ತೊಡಕೇನೂ ಕಾಣುವುದಿಲ್ಲ. ಯಂತ್ರಕ್ಕೆ ಮಾತ್ರ ಪ್ರತಿಯೊಂದು ಪದವೂ ಒಂದು ಪ್ರಶ್ನೆ. ಎಡಗಡೆ ಎಂದರೆ ಯಾರ ಎಡಗಡೆ? ಬರೆದವನ ಎಡಗಡೆ. ಅವನು ಯಾವ ದಿಕ್ಕಿಗೆ ಮುಖ ಮಾಡಿದ್ದ? ಹೇಳಿಲ್ಲ, ಹಾಗಾದರೆ ಒಂದು ದಿಕ್ಕನ್ನು ಊಹಿಸಿಕೊಳ್ಳಬೇಕು. ಇವನ ವೇಗ ಗೊತ್ತು, ಎದುರಿನವನ ವೇಗ ಗೊತ್ತಿಲ್ಲ. ಏಟು ಬಿದ್ದದ್ದು ಹಿಂಭಾಗಕ್ಕೆ, ಅಂದರೆ ಇವನ ಕಾರು ಆ ಹೊತ್ತಿಗೆ ಕೂಡುರಸ್ತೆಯ ಬಹುಭಾಗವನ್ನು ದಾಟಿರಬೇಕು. ಆ ಲೆಕ್ಕದಿಂದ ಎರಡೂ ಕಾರುಗಳು ಎಲ್ಲಿಂದ ಯಾವಾಗ ಹೊರಟಿರಬೇಕು ಎಂದು ಹಿಂದಕ್ಕೆ ಎಣಿಸಿಕೊಂಡು ಹೋಗಬೇಕು. ಮರದ ಪ್ರಸ್ತಾಪ ಬಂದದ್ದು ಅದರ ಕಟಕಟೆಯ ನೆಪದಲ್ಲಿ ಮಾತ್ರ, ಆದರೆ ಮರವನ್ನು ನೆಡದೆ ಚಿತ್ರವಿಲ್ಲ. ಕಾರು ಜಾರಿ ಹೋಗಿ ತಲುಪುವ ಕಡೆಯಲ್ಲೇ ಅದು ನಿಂತಿರಬೇಕು. ದಾರಿ ಬಿಡಲಿಲ್ಲ ಎಂಬ ದೂರಂತೂ ಚಲನೆಯೇ ಅಲ್ಲ; ಅದು ಫ್ರಾನ್ಸಿನ ಸಂಚಾರ ನಿಯಮದ ಮಾತು. ಅಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ಮೊದಲ ಹಕ್ಕು.

ಕಾರ್‌ಸಿಮ್ ಈ ಕೆಲಸವನ್ನು ಎರಡು ಮಜಲಿನಲ್ಲಿ ಮಾಡುತ್ತಿತ್ತು. ಮೊದಲು ಬರಹದಿಂದ ಬೇಕಾದಷ್ಟನ್ನೇ ಹೆಕ್ಕಿ ಒಂದು ಪಟ್ಟಿ ಮಾಡಿಕೊಳ್ಳುವುದು: ಅಲುಗದ ವಸ್ತುಗಳು ಯಾವುವು, ವಾಹನಗಳು ಯಾವುವು, ಅವು ಒಂದಾದ ಮೇಲೊಂದರಂತೆ ಏನು ಮಾಡಿದವು, ಯಾವುದು ಯಾವುದಕ್ಕೆ ಯಾವ ಭಾಗದಲ್ಲಿ ತಾಗಿತು. ಆಮೇಲೆ ಆ ಪಟ್ಟಿಯನ್ನು ಹಿಡಿದು ದಾರಿ, ಕಾಲ, ವೇಗಗಳನ್ನು ಲೆಕ್ಕ ಹಾಕಿ ಕಾರುಗಳನ್ನು ಓಡಿಸುವುದು. ಈ ಎರಡನೆಯ ಮಜಲಿನಲ್ಲೇ ಒಂದು ಅಪಾಯವೂ ಅಡಗಿದೆ, ಅದನ್ನು ನಾನು ಗಟ್ಟಿಯಾಗಿ ಹೇಳಬೇಕು. ಮಾತು ಹೇಳದೆ ಬಿಟ್ಟ ಜಾಗವನ್ನು ಚಿತ್ರ ಖಾಲಿ ಬಿಡಲಾರದು. ಎದುರಿನ ಕಾರಿನ ವೇಗ ಗೊತ್ತಿಲ್ಲ ಎಂದು ವಾಕ್ಯ ಸುಮ್ಮನಿರಬಹುದು. ಚಿತ್ರದಲ್ಲಿ ಆ ಕಾರು ಯಾವುದೋ ಒಂದು ವೇಗದಲ್ಲಿ ಬಂದೇ ತೀರಬೇಕು. ನೋಡಿದವರು ಆ ವೇಗವನ್ನೂ ನಂಬುತ್ತಾರೆ. ನ್ಯಾಯಾಲಯದಲ್ಲೋ ವಿಮೆಯ ಕಚೇರಿಯಲ್ಲೋ ಇಂಥ ಚಿತ್ರವನ್ನು ಮುಂದಿಡುವ ಕಾಲ ಬಂದರೆ, ಸಾಕ್ಷಿ ಹೇಳಿದ್ದೆಷ್ಟು, ಯಂತ್ರ ತುಂಬಿದ್ದೆಷ್ಟು ಎಂದು ಬೇರೆ ಬೇರೆ ಬಣ್ಣದಲ್ಲಿ ತೋರಿಸುವುದು ಕಡ್ಡಾಯವಾಗಬೇಕು.

ಕಾರ್‌ಸಿಮ್‌ಗಿಂತ ಬಹಳ ಮೊದಲೇ, 1968ರಿಂದ 1970ರ ನಡುವೆ, ಅಮೆರಿಕದ ಎಂಐಟಿಯಲ್ಲಿ ಟೆರಿ ವಿನೊಗ್ರಾಡ್ ಶ್ರುಡ್ಲು ಎಂಬ ಪ್ರೋಗ್ರಾಂ ಬರೆದಿದ್ದರು. ಪರದೆಯ ಮೇಲೊಂದು ಮೇಜು, ಅದರ ಮೇಲೆ ಬಣ್ಣದ ಚೌಕಗಳು, ಪಿರಮಿಡ್ಡುಗಳು, ಒಂದು ಪೆಟ್ಟಿಗೆ. ಕೆಂಪು ಚೌಕವನ್ನು ಎತ್ತು ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಅದು ಎತ್ತುತ್ತಿತ್ತು; ಮೇಲೆ ಬೇರೇನಾದರೂ ಇದ್ದರೆ ಮೊದಲು ಅದನ್ನು ಇಳಿಸುತ್ತಿತ್ತು; ಯಾಕೆ ಇಳಿಸಿದೆ ಎಂದು ಕೇಳಿದರೆ ಕಾರಣವನ್ನೂ ಹೇಳುತ್ತಿತ್ತು. ಆಗಿನ ಕಾಲಕ್ಕೆ ಅದು ದೊಡ್ಡ ಸಾಧನೆಯೇ. ಆದರೆ ಆ ಲೋಕದಲ್ಲಿ ಭಾರವಿರಲಿಲ್ಲ, ಜಾರಿಕೆಯಿರಲಿಲ್ಲ, ದಣಿವಿರಲಿಲ್ಲ. ಅಲ್ಲಿ ಯಾವುದೂ ಎಡವುವಂತಿರಲಿಲ್ಲ.

ಎಡವುವುದನ್ನು ಯಂತ್ರಕ್ಕೆ ಕಲಿಸಿದ ಕೆಲಸ ನಡೆದದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ಅಲ್ಲಿ ಜೆರೋಮ್ ಫೆಲ್ಡ್‌ಮನ್ ಎಂಬ ಗಣಕವಿಜ್ಞಾನಿಯೂ ಜಾರ್ಜ್ ಲೇಕಾಫ್ ಎಂಬ ಭಾಷಾವಿಜ್ಞಾನಿಯೂ ಕೂಡಿ ಒಂದು ಗುಂಪು ಕಟ್ಟಿದ್ದರು. ಮಾತಿನ ಅರ್ಥ ನಿಘಂಟಿನಲ್ಲಿಲ್ಲ, ಮೈಯ ಅನುಭವದಲ್ಲಿದೆ ಎಂಬುದು ಅವರ ನಿಲುವು. ಆ ಗುಂಪಿನ ಡೇವಿಡ್ ಬೈಲಿ 1997ರ ತಮ್ಮ ಪಿಎಚ್‌ಡಿಗಾಗಿ, ನೂಕು, ಎಳೆ, ಒತ್ತು ಮುಂತಾದ ಕೈಕೆಲಸದ ಕ್ರಿಯಾಪದಗಳನ್ನು ಕಲಿಯುವ ಪ್ರೋಗ್ರಾಂ ಮಾಡಿದರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಬ್ಯಾಡ್ಲರ್ ತಂಡ ರೂಪಿಸಿದ್ದ ಜ್ಯಾಕ್ ಎಂಬ ಗಣಕಮಾನವನ ಕೈ ಮಾಡುವ ಕೆಲಸಗಳಿಗೆ ಹೆಸರು ಕೊಟ್ಟಾಗ, ಯಾವ ಬಲ, ಯಾವ ದಿಕ್ಕು, ಯಾವ ಬೆರಳಿನ ಭಂಗಿಗೆ ಯಾವ ಪದ ಎಂದು ಅದು ಕಲಿಯುತ್ತಿತ್ತು.

ಅದೇ ವರ್ಷ ಅದೇ ಗುಂಪಿನ ಶ್ರೀನಿ ನಾರಾಯಣನ್ ತಮ್ಮ ಪಿಎಚ್‌ಡಿ ಪ್ರಬಂಧ ಮುಗಿಸಿದರು. ಅವರ ವ್ಯವಸ್ಥೆಯ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳು ಸೇರಿದರೆ ಕರ್ಮ ಎಂದಾಗುತ್ತದೆ. ಈ ವಿಷಯದಲ್ಲಿ ಇಂದಿಗೂ ನನಗೆ ಅತ್ಯಂತ ಆಳವಾಗಿ ಕಾಣುವ ಕೆಲಸ ಇದೇ, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ.

ಜರ್ಮನಿಯ ಕಾರ್ಲ್ ಆಡಮ್ ಪೆಟ್ರಿ 1962ರಲ್ಲಿ ಒಂದು ರೇಖಾಚಿತ್ರದ ಪದ್ಧತಿಯನ್ನು ಮುಂದಿಟ್ಟಿದ್ದರು. ಅದಕ್ಕೆ ಪೆಟ್ರಿ ಬಲೆ ಎಂದೇ ಹೆಸರು. ಅದರಲ್ಲಿ ವೃತ್ತಗಳು ಸ್ಥಿತಿಗಳನ್ನು ಹೇಳುತ್ತವೆ, ಗೆರೆಗಳು ಕ್ರಿಯೆಗಳನ್ನು ಹೇಳುತ್ತವೆ. ಚೌಕಾಬಾರದ ಕಾಯಿ ಮನೆಯಿಂದ ಮನೆಗೆ ನಡೆಯುವಂತೆ ಇಲ್ಲಿ ಬಿಲ್ಲೆಗಳು ವೃತ್ತದಿಂದ ವೃತ್ತಕ್ಕೆ ಸಾಗುತ್ತವೆ. ಬೇಕಾದ ಮನೆಗಳಲ್ಲೆಲ್ಲ ಬಿಲ್ಲೆ ಬಂದು ಕೂತರೆ ಮಾತ್ರ ಮುಂದಿನ ಕ್ರಿಯೆ ನಡೆಯುತ್ತದೆ.

ನಾರಾಯಣನ್ ನಡಿಗೆಯನ್ನು ಈ ಬಲೆಯಲ್ಲಿ ಹೆಣೆದರು. ನಡೆಯಲು ಮೊದಲು ಏನಿರಬೇಕು? ಮೈ ನೆಟ್ಟಗೆ ನಿಂತಿರಬೇಕು, ಕಾಲಿನಲ್ಲಿ ಕಸುವಿರಬೇಕು, ಮುಂದೆ ನೆಲವಿರಬೇಕು. ಇವು ಕೂಡಿದಾಗ ನಡಿಗೆ ಸಿದ್ಧ. ಆಮೇಲೆ ಶುರು, ಆಮೇಲೆ ಸಾಗುತ್ತಿರುವ ಹೆಜ್ಜೆಗಳ ಸುತ್ತು, ಪ್ರತಿ ಸುತ್ತಿಗೂ ಗುರಿ ಬಂತೇ ಎಂಬ ಪರೀಕ್ಷೆ, ಬಂದರೆ ಮುಗಿತಾಯ. ನಡುವೆ ನಿಲ್ಲಬಹುದು, ನಿಂತು ಮತ್ತೆ ಮುಂದುವರಿಯಬಹುದು, ಕೈಬಿಡಲೂಬಹುದು. ಹೊರಟ, ಹೋಗುತ್ತಿದ್ದಾನೆ, ಹೋಗಿದ್ದಾನೆ, ಹೋಗುವುದರಲ್ಲಿದ್ದ, ಹೋಗಿ ತಲುಪಿದ ಎಂಬ ಕ್ರಿಯಾರೂಪಗಳೆಲ್ಲ ಬಿಲ್ಲೆ ಈಗ ಯಾವ ಮನೆಯಲ್ಲಿದೆ ಎಂದು ಹೇಳುವ ಮಾತುಗಳಾಗುತ್ತವೆ. ವ್ಯಾಕರಣದ ಒಂದು ಕಷ್ಟದ ಅಧ್ಯಾಯ ಹೀಗೆ ಕಾಲಿನ ನಡೆಯೊಳಗೆ ಬಂದು ಸೇರಿತು. ಎಡವುವುದೆಂದರೆ ಸಾಗುತ್ತಿರುವ ಸುತ್ತಿಗೆ ಅಡ್ಡಿ ಬಂದು ಮೈಯ ಸಮತೋಲದ ಮನೆಯಿಂದ ಬಿಲ್ಲೆ ಹೊರಬೀಳುವುದು. ಅಲ್ಲಿಂದ ಎರಡು ದಾರಿ: ಸಾವರಿಸಿಕೊಂಡು ಸುತ್ತಿಗೆ ಮರಳುವುದು, ಇಲ್ಲವೆ ಬೀಳುವುದು.

ಇಷ್ಟಾದ ಮೇಲೆ ಅವರು ಆ ಬಲೆಗೆ ಕೊಟ್ಟ ಪರೀಕ್ಷೆ ಕಾಲುನಡಿಗೆಯ ಕಥೆಯಲ್ಲ, ಪತ್ರಿಕೆಯ ಅರ್ಥವ್ಯವಸ್ಥೆಯ ಸುದ್ದಿ. ನಮ್ಮ ದೇಶದ್ದೇ ಸುದ್ದಿ. 1991ರಲ್ಲಿ ಭಾರತ ಉದಾರೀಕರಣದ ಹಾದಿಯಲ್ಲಿ ಧೈರ್ಯವಾಗಿ ಹೊರಟಿತು. ವ್ಯಾಪಾರದ ದಾರಿಯ ಅಡೆತಡೆಗಳನ್ನು ತೆಗೆಯಿತು. ಮೊದಲ ವರ್ಷಗಳಲ್ಲಿ ದಾಪುಗಾಲು ಹಾಕಿತು. ಈಗ ಯೋಜನೆಯನ್ನು ಜಾರಿಗೆ ತರುವಲ್ಲಿ ಸರ್ಕಾರ ಮುಗ್ಗರಿಸುತ್ತಿದೆ. ಇಂಥ ಮಾತುಗಳು. ಇದನ್ನು ಓದಿದ ಪ್ರೋಗ್ರಾಂ ಒಳಗೆ ನಡಿಗೆಯ ಬಲೆಯನ್ನೇ ಓಡಿಸಿತು. ಮುಗ್ಗರಿಸುತ್ತಿದೆ ಎಂದರೆ ನಡಿಗೆ ಇನ್ನೂ ಮುಗಿದಿಲ್ಲ, ಅಡ್ಡಿಯೊಂದು ಬಂದಿದೆ, ಬೀಳುವ ಭಯವಿದೆ, ಆದರೆ ಬಿದ್ದಿಲ್ಲ, ಗುರಿ ಮೊದಲಿದ್ದಲ್ಲೇ ಇದೆ. ಈ ಫಲಿತಗಳನ್ನು ಅದು ಅರ್ಥವ್ಯವಸ್ಥೆಯ ಕಡೆಗೆ ದಾಟಿಸಿತು. ಯೋಜನೆಗೆ ತೊಡಕು ಬಂದಿದೆ, ಸೋಲುವ ಸಂಭವ ಹೆಚ್ಚಿದೆ, ಆದರೆ ಕೈಬಿಟ್ಟಿಲ್ಲ. ಆ ಸಂಭವಗಳ ಏರಿಳಿತವನ್ನು ಎಣಿಸಲು ಸಂಭಾವ್ಯತೆಯ ಇನ್ನೊಂದು ಜಾಲವಿತ್ತು. ಅರ್ಥಶಾಸ್ತ್ರದ ಬಗ್ಗೆ ಅದಕ್ಕೆ ಗೊತ್ತಿದ್ದದ್ದು ಸ್ವಲ್ಪ. ಉಳಿದದ್ದನ್ನು ನಡಿಗೆಯಿಂದ ಪಡೆಯಿತು.

ನಮ್ಮ ಪತ್ರಿಕೆಗಳ ಒಂದು ದಿನದ ತಲೆಬರಹಗಳನ್ನು ಹೀಗೊಮ್ಮೆ ನೋಡಿ. ಷೇರುಪೇಟೆ ಕುಸಿಯುತ್ತದೆ, ಚಿನ್ನ ಏರುತ್ತದೆ, ನೀರಾವರಿ ಕಾಮಗಾರಿ ಕುಂಟುತ್ತದೆ, ಮಾತುಕತೆ ಹಳಿ ತಪ್ಪುತ್ತದೆ, ಕಡತ ತೆವಳುತ್ತದೆ, ಸರ್ಕಾರ ಉರುಳುತ್ತದೆ, ಕ್ರಿಕೆಟ್ ತಂಡ ಮುಗ್ಗರಿಸುತ್ತದೆ. ಕುಂಟುವ ಕಾಮಗಾರಿಗೂ ತೆವಳುವ ಕಡತಕ್ಕೂ ನಡುವಿನ ವ್ಯತ್ಯಾಸ ನಮಗೆ ಮೈಯಿಂದಲೇ ಗೊತ್ತು. ಕುಂಟುವುದಕ್ಕೆ ಎಲ್ಲೋ ನೋವಿದೆ, ಆದರೂ ನಿಂತು ನಡೆಯುತ್ತಿದೆ. ತೆವಳುವುದು ಎದ್ದೇ ಇಲ್ಲ. ಚಲನೆಯ ಮಾತನ್ನು ಅರಿಯದ ಯಂತ್ರ ಪತ್ರಿಕೆಯ ರಾಜಕೀಯ ಪುಟವನ್ನೂ ಓದಲಾರದು ಎಂದು ನಾನು ಹೇಳುವುದು ಇದಕ್ಕಾಗಿ.

ಹಾಗಾದರೆ ಮನುಷ್ಯರ ಮಿದುಳೂ ನಿಜವಾಗಿ ಹೀಗೆಯೇ ಮಾಡುತ್ತದೆಯೇ? 2004ರಲ್ಲಿ ಓಲಾಫ್ ಹೌಕ್, ಇಂಗ್ರಿಡ್ ಜಾನ್ಸ್‌ರೂಡ್, ಫ್ರೀಡೆಮನ್ ಪುಲ್ವರ್‌ಮ್ಯೂಲರ್ ಕೇಂಬ್ರಿಜ್‌ನಲ್ಲಿ ಮಾಡಿದ ಪ್ರಯೋಗ ಪ್ರಸಿದ್ಧವಾದದ್ದು. ಒದೆಯುವ, ಹೆಕ್ಕುವ, ನೆಕ್ಕುವ ಕ್ರಿಯೆಗಳ ಪದಗಳನ್ನು ಸುಮ್ಮನೆ ಓದುತ್ತಿದ್ದವರ ಮಿದುಳಿನಲ್ಲಿ ಕಾಲು, ಕೈಬೆರಳು, ನಾಲಿಗೆಗಳನ್ನು ಆಡಿಸುವ ಭಾಗಗಳಲ್ಲಿ ಅಥವಾ ಅವುಗಳ ಪಕ್ಕದಲ್ಲೇ ಚಟುವಟಿಕೆ ಕಂಡಿತು. ಅದೇ ವರ್ಷ ಟೀನಿ ಮ್ಯಾಟ್ಲಾಕ್ ಇನ್ನೊಂದು ಸೊಗಸಾದ ಸಂಗತಿ ತೋರಿಸಿದರು. ರಸ್ತೆ ಕಣಿವೆಯನ್ನು ದಾಟಿ ಹೋಗುತ್ತದೆ ಎಂಬಂಥ ವಾಕ್ಯದಲ್ಲಿ ರಸ್ತೆ ಇದ್ದಲ್ಲೇ ಇದೆ, ಯಾವುದೂ ಅಲುಗುವುದಿಲ್ಲ. ಆದರೆ ಅದಕ್ಕೆ ಮೊದಲು ನಿಧಾನವಾದ, ಕಷ್ಟದ ಪ್ರಯಾಣದ ಕಥೆ ಓದಿದವರು ಆ ವಾಕ್ಯವನ್ನು ಅರಿಯಲು ಹೆಚ್ಚು ಹೊತ್ತು ತೆಗೆದುಕೊಂಡರು. ವೇಗದ ಪ್ರಯಾಣದ ಕಥೆ ಓದಿದವರು ಬೇಗ ಮುಗಿಸಿದರು. ಓದುಗರು ಆ ರಸ್ತೆಯ ಮೇಲೆ ಮನಸ್ಸಿನಲ್ಲೇ ಸಾಗಿದ್ದರು. ಆಗುಂಬೆಯ ರಸ್ತೆ ಬಳುಕುತ್ತಾ ಸೋಮೇಶ್ವರಕ್ಕೆ ಇಳಿಯುತ್ತದೆ ಎಂದರೆ ನಾವೂ ಒಂದಿಷ್ಟು ಇಳಿಯುತ್ತೇವೆ.

ಈ ಕ್ಷೇತ್ರದ ಎಲ್ಲ ಫಲಿತಾಂಶಗಳೂ ಗಟ್ಟಿಯಾಗಿ ನಿಂತಿಲ್ಲ ಎಂಬುದನ್ನೂ ಹೇಳಬೇಕು. 2002ರಲ್ಲಿ ಗ್ಲೆನ್‌ಬರ್ಗ್ ಮತ್ತು ಕಾಶಾಕ್ ಪ್ರಕಟಿಸಿದ ಪ್ರಯೋಗವೊಂದಿತ್ತು. ನಿಮ್ಮಿಂದ ದೂರಕ್ಕೆ ಸಾಗುವ ಕ್ರಿಯೆಯ ವಾಕ್ಯ ಓದಿದಾಗ ಕೈಯನ್ನು ದೂರಕ್ಕೆ ಚಾಚುವುದು ಸುಲಭ, ಹತ್ತಿರಕ್ಕೆ ತರುವುದು ನಿಧಾನ ಎಂದು ಅದು ಹೇಳಿತ್ತು, ಪಠ್ಯಪುಸ್ತಕಗಳಿಗೂ ಹೋಗಿತ್ತು. ಮುಂದೆ ಹಲವು ಪ್ರಯೋಗಾಲಯಗಳು ಒಟ್ಟಾಗಿ, ನಿಯಮಗಳನ್ನು ಮೊದಲೇ ಘೋಷಿಸಿ ಅದನ್ನು ಮತ್ತೆ ಮಾಡಿದಾಗ ಆ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಮಿದುಳಿನ ಬಗ್ಗೆ ನಾನು ಕರ್ಮ ಮಾದರಿಯೇ ಸತ್ಯ ಎನ್ನುವುದಿಲ್ಲ. ಯಂತ್ರಕ್ಕೆ ಅದು ಒಳ್ಳೆಯ ಮಾದರಿ ಎನ್ನುತ್ತೇನೆ, ಅದಕ್ಕೆ ಕಾರಣ ಮುಂದೆ ಬರುತ್ತದೆ.

ಈಗಿನ ಹೊಸ ದಾರಿಯೇ ಬೇರೆ. ಈಗ ಯಾರೂ ನಡಿಗೆಯ ಬಲೆಯನ್ನು ಕೈಯಿಂದ ಹೆಣೆಯುವುದಿಲ್ಲ. ಮೈಗೆ ಗುರುತುಬಿಂದುಗಳನ್ನು ಅಂಟಿಸಿಕೊಂಡ ಜನರನ್ನು ಸ್ಟುಡಿಯೋದಲ್ಲಿ ನಡೆಸಿ, ಕುಣಿಸಿ, ಅವರ ಕೀಲುಗಳ ಚಲನೆಯನ್ನು ದಾಖಲಿಸುತ್ತಾರೆ. ಜಗತ್ತಿನ ಹಲವೆಡೆ ಬೇರೆಬೇರೆಯಾಗಿ ಮಾಡಿದ ಇಂಥ ದಾಖಲೆಗಳನ್ನು ಒಂದೇ ಅಚ್ಚಿಗೆ ತಂದು ಜೋಡಿಸಿದ ಸಂಗ್ರಹ 2019ರಲ್ಲಿ ಹೊರಬಂತು. ಅದರ ಹೆಸರು ಅಮಾಸ್, ಅದರಲ್ಲಿ 40 ಗಂಟೆಗೂ ಮೀರಿದ ಚಲನೆಯಿತ್ತು. 2022ರಲ್ಲಿ ಬಂದ ಹ್ಯೂಮನ್‌ಎಂಎಲ್3ಡಿ ಎಂಬ ಸಂಗ್ರಹ ಬಹುಪಾಲು ಅದರಿಂದಲೇ ತೆಗೆದ 14,616 ಚಲನೆಗಳಿಗೆ 44,970 ಇಂಗ್ಲಿಷ್ ವಿವರಣೆಗಳನ್ನು ಜೋಡಿಸಿತು. ಒಬ್ಬ ವ್ಯಕ್ತಿ ಸುತ್ತುಹಾಕಿ ನಡೆದು ಕೂರುತ್ತಾನೆ ಎಂಬಂಥ ಸರಳ ವಾಕ್ಯಗಳು. ಈ ಜೋಡಿಗಳಿಂದ ಕಲಿತ ಪ್ರೋಗ್ರಾಂ ಒಂದು ಹೊಸ ವಾಕ್ಯ ಕೊಟ್ಟರೆ ಅಸ್ತವ್ಯಸ್ತವಾದ ಸಂಖ್ಯೆಗಳಿಂದ ಶುರುಮಾಡಿ, ಹಂತಹಂತವಾಗಿ ಅವ್ಯವಸ್ಥೆಯನ್ನು ಕಳೆಯುತ್ತಾ ಬಂದು, ಕೊನೆಗೆ ನಡೆಯುವ ಆಕೃತಿಯನ್ನು ಕೈಗಿಡುತ್ತದೆ. ಟೆಲ್ ಅವೀವ್ ವಿಶ್ವವಿದ್ಯಾಲಯದಿಂದ 2022ರಲ್ಲಿ ಬಂದ ಮಾದರಿಯೊಂದು ಈ ವಿಧಾನಕ್ಕೆ ಹೆಸರು ತಂದುಕೊಟ್ಟಿತು.

ನೋಡಲು ಇದು ಬಹಳ ಚೆಂದ. ಆ ಆಕೃತಿಯ ತೋಳು ಬೀಸುವ ರೀತಿ, ಭುಜದ ಸಣ್ಣ ತಿರುವು, ಎಲ್ಲ ಮನುಷ್ಯರದೇ. ಆದರೆ ಕೆಳಗೆ ಪಾದದ ಕಡೆ ನೋಡಿದರೆ ಕೆಲವೊಮ್ಮೆ ನೆಲಕ್ಕೆ ಊರಿದ ಪಾದ ಊರಿದಂತೆಯೇ ಜಾರಿಕೊಂಡು ಮುಂದೆ ಹೋಗುತ್ತಿರುತ್ತದೆ, ಕೆಲವೊಮ್ಮೆ ನೆಲದಿಂದ ಒಂದಿಷ್ಟು ಮೇಲೆ ತೇಲುತ್ತಿರುತ್ತದೆ. ಅದಕ್ಕೆ ನೆಲವೆಂದರೇನು ಗೊತ್ತಿಲ್ಲ, ಭಾರವೆಂದರೇನು ಗೊತ್ತಿಲ್ಲ. ಕೀಲುಗಳು ಸಾಮಾನ್ಯವಾಗಿ ಎಲ್ಲೆಲ್ಲಿರುತ್ತವೆ ಎಂಬುದಷ್ಟೇ ಗೊತ್ತು. ಇದನ್ನು ಸರಿಪಡಿಸಲು ಈಗ ಭೌತಶಾಸ್ತ್ರದ ಸಿಮ್ಯುಲೇಟರನ್ನು ನಡುವೆ ತಂದು, ಗುರುತ್ವಕ್ಕೂ ಘರ್ಷಣೆಗೂ ಒಪ್ಪುವಂತೆ ಹೆಜ್ಜೆಯನ್ನು ತಿದ್ದುತ್ತಾರೆ. ಆ ತೊಂದರೆ ಬಗೆಹರಿಯುತ್ತದೆ, ನನಗೆ ಅನುಮಾನವಿಲ್ಲ.

ಬಗೆಹರಿಯುವುದು ಕಷ್ಟವಾದದ್ದು ಇನ್ನೊಂದಿದೆ. ಹುಡುಗ ಎಡವಲಿಲ್ಲ. ಹುಡುಗ ಇನ್ನೇನು ಬೀಳುವುದರಲ್ಲಿದ್ದ. ಹುಡುಗ ಹೊರಟಿದ್ದ, ಹೋಗಲಿಲ್ಲ. ಇವೂ ಚಲನೆಯ ಮಾತುಗಳೇ, ಆದರೆ ನಡೆಯದೆ ಹೋದ ಚಲನೆಯ ಮಾತುಗಳು. ಯಾವ ಸ್ಟುಡಿಯೋದ ಕ್ಯಾಮೆರಾ ನಡೆಯದೆ ಹೋದದ್ದನ್ನು ದಾಖಲಿಸೀತು? ನಾರಾಯಣನ್ ಹೆಣೆದ ಬಲೆಯಲ್ಲಿ ಇದಕ್ಕೊಂದು ಮನೆಯಿದೆ: ಬಿಲ್ಲೆ ಅಲ್ಲಿಗೆ ಹೋಗಬಹುದಿತ್ತು, ಹೋಗಲಿಲ್ಲ. ಚಿತ್ರ ಬಿಡಿಸುವ ಹೊಸ ಯಂತ್ರದಲ್ಲಿ ಅಂಥ ಮನೆಯಿಲ್ಲ. ಹೊಸದು ಕಣ್ಣಿಗೆ ಹೆಚ್ಚು ತೋರಿಸುತ್ತದೆ, ಹಳೆಯದು ಮುಂದೇನಾಗಬಹುದು ಎಂಬುದನ್ನು ಹೆಚ್ಚು ಬಲ್ಲದು. ಇವೆರಡೂ ಒಂದಾಗದೆ ಯಂತ್ರ ಮಾತನ್ನು ಅರಿಯಿತು ಎನ್ನಲು ನನಗೆ ಮನಸ್ಸಿಲ್ಲ.

ಇನ್ನು ಕನ್ನಡದ ಮಾತಿಗೆ ಬರೋಣ. ಹೊಸ ಯಂತ್ರಗಳು ಕಲಿತದ್ದೆಲ್ಲ ಬಹುತೇಕ ಇಂಗ್ಲಿಷ್ ವಿವರಣೆಗಳಿಂದ. ಕನ್ನಡ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿ ಕೊಟ್ಟರಾಯಿತಲ್ಲ ಎಂದು ಕೇಳುವವರಿದ್ದಾರೆ. ಸಾಲದು. ಚಲನೆಯನ್ನು ಹೇಳುವ ದಾರಿ ಭಾಷೆಯಿಂದ ಭಾಷೆಗೆ ಬೇರೆಯೆಂದು ಲೆನರ್ಡ್ ಟಾಲ್ಮಿ 1985ರಲ್ಲೇ ವಿವರವಾಗಿ ತೋರಿಸಿದ್ದಾರೆ. ಇಂಗ್ಲಿಷ್ ಹೇಗೆ ನಡೆದ ಎಂಬುದನ್ನು ಮುಖ್ಯ ಕ್ರಿಯಾಪದದಲ್ಲಿಟ್ಟು, ಎತ್ತ ನಡೆದ ಎಂಬುದನ್ನು ಪಕ್ಕದ ಸಣ್ಣ ಪದಕ್ಕೆ ಬಿಡುತ್ತದೆ. ಕನ್ನಡಕ್ಕೆ ಹತ್ತು, ಇಳಿ, ದಾಟು, ಹೊಗು, ನುಸುಳು ಎಂದು ದಾರಿಗೇ ಕ್ರಿಯಾಪದಗಳಿವೆ. ಹೇಗೆ ಎಂಬುದು ಅದಕ್ಕಿಂತ ಮೊದಲು ಬಂದು ಕೂರುತ್ತದೆ.

ಆ ಕೂರುವ ರೀತಿಯಲ್ಲೇ ಒಂದು ಸ್ವಾರಸ್ಯವಿದೆ. ಎದ್ದು ಬಾಗಿಲು ತೆರೆದ ಎಂದರೆ ಮೊದಲು ಎದ್ದ, ಆಮೇಲೆ ತೆರೆದ. ಒಂದು ಮುಗಿದು ಇನ್ನೊಂದು. ಓಡಿ ಬಂದ ಎಂದರೆ ಮೊದಲು ಓಡಿ ಮುಗಿಸಿ ಆಮೇಲೆ ಬಂದನೆಂದಲ್ಲ. ಓಟವೇ ಬರುವಿಕೆ, ಎರಡೂ ಒಂದೇ ಕಾಲದಲ್ಲಿ. ಎಡವಿ ಬಿದ್ದ ಎಂದರೆ ಮೊದಲಿನದು ಎರಡನೆಯದಕ್ಕೆ ಕಾರಣ. ತಿರುಗಿ ಬಂದ ಎಂದರೆ ತಿರುಗುವ ಕ್ರಿಯೆಯೇ ಮರೆಯಾಗಿ ಮರಳಿ ಬಂದ ಎಂದಾಗಬಹುದು. ಎಲ್ಲದರ ವ್ಯಾಕರಣ ರೂಪ ಒಂದೇ. ಸಿಮ್ಯುಲೇಷನ್ ಮಾಡಹೊರಟ ಯಂತ್ರವಾದರೋ ನಿರ್ಧರಿಸಲೇಬೇಕು: ಎರಡು ಚಲನೆಗಳನ್ನು ಒಂದರ ಹಿಂದೊಂದು ಇಡಲೇ, ಒಂದರ ಮೇಲೊಂದು ಹೇರಲೇ, ಒಂದರಿಂದ ಇನ್ನೊಂದು ಹುಟ್ಟಿಸಲೇ? ನಾಲ್ಕು ವರ್ಷದ ಕನ್ನಡದ ಮಗು ಇದನ್ನು ತಪ್ಪಿಲ್ಲದೆ ಮಾಡುತ್ತದೆ.

ಬಾ ಮತ್ತು ಹೋಗು ಇನ್ನೊಂದು ಬಗೆಯ ಪರೀಕ್ಷೆ. ಅಜ್ಜಿ ಒಳಗೆ ಬಂದಳು, ಅಜ್ಜಿ ಒಳಗೆ ಹೋದಳು. ಅಜ್ಜಿಯ ಕೀಲುಗಳ ಚಲನೆಯಲ್ಲಿ ಎರಡಕ್ಕೂ ಎಳ್ಳಷ್ಟು ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಹೇಳುತ್ತಿರುವವರು ಎಲ್ಲಿದ್ದಾರೆ ಎಂಬುದರಲ್ಲಿ. ಮೊದಲ ವಾಕ್ಯಕ್ಕೆ ಕ್ಯಾಮೆರಾ ಮನೆಯ ಒಳಗಿರಬೇಕು, ಎರಡನೆಯದಕ್ಕೆ ಅಂಗಳದಲ್ಲಿರಬೇಕು. ಕೀಲುಗಳ ಲೆಕ್ಕ ಮಾತ್ರ ಇಡುವ ಸಂಗ್ರಹದಿಂದ ಇದನ್ನು ಕಲಿಯುವುದು ಸಾಧ್ಯವೇ ಇಲ್ಲ.

ನನಗೆ ಅತ್ಯಂತ ಪ್ರಿಯವಾದ ಭಾಗವನ್ನು ಕೊನೆಗಿಟ್ಟಿದ್ದೇನೆ. ದೊಪ್ಪನೆ ಬಿತ್ತು, ಧಡಾರನೆ ಬಿತ್ತು, ಠಣ್ಣನೆ ಬಿತ್ತು, ತೊಪ್ಪನೆ ಬಿತ್ತು. ಬಿದ್ದದ್ದೇನೆಂದು ನಾನು ಹೇಳಿಲ್ಲ. ಆದರೂ ಮೊದಲನೆಯದು ಭಾರವಾದ ಮೆತ್ತನೆಯ ವಸ್ತು, ಮೂಟೆಯೋ ಮೈಯೋ. ಎರಡನೆಯದು ದೊಡ್ಡದು, ಗಟ್ಟಿಯಾದದ್ದು, ಎತ್ತರದಿಂದಲೋ ರಭಸದಿಂದಲೋ ಬಿದ್ದದ್ದು. ಮೂರನೆಯದು ಲೋಹ. ನಾಲ್ಕನೆಯದು ಒದ್ದೆಯಾದದ್ದು, ಬಿದ್ದಲ್ಲೇ ಅಂಟಿಕೊಂಡದ್ದು. ಭೌತಶಾಸ್ತ್ರದ ಸಿಮ್ಯುಲೇಟರ್ ಒಂದು ವಸ್ತುವನ್ನು ಬೀಳಿಸುವ ಮೊದಲು ಕೇಳುವ ಪ್ರಶ್ನೆಗಳು ಇವೇ ಅಲ್ಲವೇ? ತೂಕವೆಷ್ಟು, ಗಡಸುತನವೆಷ್ಟು, ವೇಗವೆಷ್ಟು, ನೆಲಕ್ಕೆ ತಾಗಿ ಪುಟಿಯುತ್ತದೋ ಅಂಟುತ್ತದೋ. ಅಷ್ಟಕ್ಕೂ ನಮ್ಮ ಒಂದೊಂದು ಅನುಕರಣ ಪದ ಒಮ್ಮೆಗೇ ಉತ್ತರ ಕೊಡುತ್ತದೆ. ನಡಿಗೆಗೂ ಹಾಗೆಯೇ: ಸರಸರ, ಬಿರಬಿರ, ದಡದಡ, ಪುಟಪುಟ, ತಟಕ್ಕನೆ. ಪುಟಪುಟನೆ ನಡೆದದ್ದು ಮಗುವೆಂದು ಯಾರೂ ಹೇಳಬೇಕಿಲ್ಲ. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದ ಅವ್ಯಯಗಳ ನಡುವೆ ಅನುಕರಣಕ್ಕೆ ಜಾಗ ಕೊಟ್ಟಿದ್ದಾನೆ. ಇಂಗ್ಲಿಷಿಗೆ ತಿರುಗಿಸುವಾಗ ಮೊದಲು ಉದುರಿಹೋಗುವುದೂ ಇವೇ ಪದಗಳು.

ಈ ಸಂಪತ್ತು ಯಂತ್ರಕ್ಕೆ ತಲುಪಬೇಕಾದರೆ ಯಾರಾದರೂ ಕೂತು ದಾಖಲಿಸಬೇಕು. ಅದು ಕೈಗೆಟುಕದ ಕೆಲಸವೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಾಣಿ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರಿಗೆ ಚಿತ್ರಗಳನ್ನು ತೋರಿಸಿ, ಅವರು ತಮ್ಮ ಆಡುಮಾತಿನಲ್ಲಿ ಹೇಳುವುದನ್ನು ಧ್ವನಿಮುದ್ರಿಸುತ್ತಾ ಬಂದಿದ್ದಾರೆ. ಅಲ್ಲಿರುವುದು ನಿಂತ ಚಿತ್ರ. ಅದರ ಜಾಗದಲ್ಲಿ ಅರ್ಧ ನಿಮಿಷದ ಚಲನೆಯನ್ನು ತೋರಿಸಿದರೆ ಜನ ಬೇರೆಯೇ ಕನ್ನಡ ಆಡುತ್ತಾರೆ. ಮೈಗೆ ಬಿಂದು ಅಂಟಿಸುವ ದುಬಾರಿ ಸ್ಟುಡಿಯೋ ಕೂಡ ಈಗ ಅನಿವಾರ್ಯವಲ್ಲ. ಸಾಮಾನ್ಯ ಮೊಬೈಲಿನ ವಿಡಿಯೋದಿಂದಲೇ ಕೀಲುಗಳ ಜಾಗ ಗುರುತಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಭತ್ತದ ನಾಟಿ ಮಾಡುವವರ ಬಾಗು, ಚಕ್ಕಳಮಕ್ಕಳ ಹಾಕಿ ಕೂತವರು ಏಳುವ ರೀತಿ, ಕಬಡ್ಡಿಯಲ್ಲಿ ಕಾಲು ಹಿಡಿಯುವ ಪಟ್ಟು, ಡೊಳ್ಳು ಹೊತ್ತು ಹಾಕುವ ಹೆಜ್ಜೆ, ಯಕ್ಷಗಾನದ ಧೀಂಗಿಣ, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುವವರ ಮೊದಲ ನಡಿಗೆ. ಇವನ್ನೆಲ್ಲ ಬಲ್ಲವರ ಬಾಯಲ್ಲಿ ಅದರದರ ಕನ್ನಡವಿದೆ. ಹೆಜ್ಜೆ ಕಲಿಸುವ ಗುರು ಶಿಷ್ಯನಿಗೆ ಹೇಳುವ ಮಾತು, ಫಿಸಿಯೋಥೆರಪಿ ಮಾಡುವವರು ರೋಗಿಗೆ ಹೇಳುವ ಮಾತು, ಇವು ಮೈಯನ್ನು ಕದಲಿಸಲೆಂದೇ ಹುಟ್ಟಿದ ಭಾಷೆ. ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಈ ಭಾಷಣ ಕೇಳುತ್ತಿರುವ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಕಾಲೇಜಿನ ಕನ್ನಡ ವಿಭಾಗದ ವಿದ್ಯಾರ್ಥಿಗಳನ್ನೂ ಗಣಕವಿಜ್ಞಾನದ ವಿದ್ಯಾರ್ಥಿಗಳನ್ನೂ ಒಂದು ಅವಧಿ ಒಟ್ಟಿಗೆ ಕೂರಿಸಿ. ನೂರು ಚಲನೆಗಳನ್ನು ಅವರೇ ಮಾಡಿ ವಿಡಿಯೋ ತೆಗೆಯಲಿ. ಪ್ರತಿಯೊಂದನ್ನೂ ಬೇರೆ ಬೇರೆ ಜಿಲ್ಲೆಯ ಐದು ಜನ ತಮ್ಮ ಮಾತಿನಲ್ಲಿ ವಿವರಿಸಲಿ. ಚಲಿಸಿದವರ, ಮಾತಾಡಿದವರ ಒಪ್ಪಿಗೆ ಪಡೆದು, ಯಾರು ಬೇಕಾದರೂ ಬಳಸುವಂತೆ ಅದನ್ನು ಮುಕ್ತವಾಗಿ ಇಡಿ. ಈ ವರ್ಷವೇ ಶುರುಮಾಡಿ.